ಏಳಲೊಲ್ಲದ ಲ್ಯಾಪ್‌ಟಾಪ್

2025ನೆಯ ಇಸವಿಯ ಡಿಸೆಂಬರ್ ತಿಂಗಳ ಒಂದು ಸಂಜೆ, ಮುಧೋಳದ ನಮ್ಮ ಕಾಲೇಜಿನ ಪ್ರಯೋಗಶಾಲೆಯ ಬಾಗಿಲು ಹಾಕುವ ಹೊತ್ತಿಗೆ, ಬಿ.ಎಸ್‌ಸಿ. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಚೀಲದಿಂದ ತೆಳ್ಳನೆಯ ಲ್ಯಾಪ್‌ಟಾಪೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟಳು. ಅದರ ತೂಕ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚು. ಒಳಗೆ ಗಾಳಿ ಬೀಸುವ ಪಂಖವಿಲ್ಲ, ಸುತ್ತುವ ಡಿಸ್ಕೂ ಇಲ್ಲ. "ಸರ್, ಲಿನಕ್ಸ್ ಹಾಕಬೇಕಂತ ಮಾಡೀನ್ರಿ. ಪೆನ್‌ಡ್ರೈವ್ ಹಚ್ಚಿದ್ರ ಇದು ಏಳವಲ್ದ್ರೀ" ಎಂದಳು.

ಯಂತ್ರವು ಅವಳ ಅಣ್ಣನು ಹತ್ತು ವರ್ಷಗಳ ಹಿಂದೆ ಕೊಂಡದ್ದು. ಮನೆಯಲ್ಲಿ ಇರುವುದು ಇದೊಂದೇ. ಇದರಲ್ಲಿ ಅವಳ ಟಿಪ್ಪಣಿಗಳಿದ್ದುವು. ಅದಕ್ಕೂ ಮಿಗಿಲಾಗಿ, 2019ರ ಆಗಸ್ಟ್ ತಿಂಗಳಿನ ಘಟಪ್ರಭೆಯ ನೆರೆಯಲ್ಲಿ ನೀರು ಹೊಕ್ಕ ಅವರ ಮನೆಯ ಚಿತ್ರಗಳೂ, ಪರಿಹಾರಕ್ಕಾಗಿ ತಂದೆಯವರು ಬರೆದ ಅರ್ಜಿಗಳ ನಕಲುಗಳೂ, ಅನೇಕ ವರ್ಷಗಳ ಕಬ್ಬಿನ ಬಿಲ್ಲುಗಳ ಲೆಕ್ಕವೂ ಇದ್ದುವು. ಇವುಗಳ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ಯಂತ್ರವೇನೂ ಕೆಟ್ಟಿರಲಿಲ್ಲ. ಅದರೊಳಗಿನ ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ವಯಸ್ಸಾಗಿತ್ತು, ಅಷ್ಟೆ. ಅದಕ್ಕೆ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಅದರ ಮುಂದಿನದಾದ ವಿಂಡೋಸ್ 11, ಕನಿಷ್ಠ ಪಕ್ಷ 4 ಗಿಗಾಬೈಟಿನ ಕೆಲಸದ ಸ್ಮೃತಿಯನ್ನೂ, ಎಂದರೆ ರ‍್ಯಾಮನ್ನೂ, 64 ಗಿಗಾಬೈಟಿನ ಸಂಗ್ರಹವನ್ನೂ ಬೇಡುತ್ತದೆ. ನಮ್ಮ ಯಂತ್ರದಲ್ಲಿ ಇದ್ದುದು ಕ್ರಮವಾಗಿ 2 ಮತ್ತು 32. ಇಂಥ ಯಂತ್ರವನ್ನು ಗುಜರಿಗೆ ಹಾಕಬೇಕೆ, ಅಥವಾ ಅದಕ್ಕೆ ಒಪ್ಪುವ ಬೇರೊಂದು ವ್ಯವಸ್ಥೆಯನ್ನು ಕೂಡಿಸಬೇಕೆ ಎಂಬ ಪ್ರಶ್ನೆ ಈಗ ಎಷ್ಟೋ ಮನೆಗಳಲ್ಲಿ ಎದ್ದಿರಬೇಕು.

ಲಿನಕ್ಸ್ ಎಂಬುದು 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಬರೆಯತೊಡಗಿದ ಕರ್ನೆಲ್. ಕರ್ನೆಲ್ ಎಂದರೆ ತಿರುಳು. ಯಂತ್ರದ ಅಂಗಗಳಿಗೂ ನಾವು ಬಳಸುವ ಕಾರ್ಯಕ್ರಮಗಳಿಗೂ ನಡುವೆ ನಿಂತು ಕೆಲಸ ಹಂಚುವ ಭಾಗ. ಈ ತಿರುಳಿನ ಸುತ್ತ ಬೇರೆಬೇರೆ ಬಳಗಗಳು ಬೇರೆಬೇರೆ ಉಡುಗೆಗಳನ್ನು ತೊಡಿಸಿ ಉಚಿತವಾಗಿ ಹಂಚುತ್ತವೆ; ಡೆಬಿಯನ್, ಉಬುಂಟು, ಫೆಡೋರಾ ಮುಂತಾದುವು ಅಂಥ ವಿತರಣೆಗಳು. ಚಿಕ್ಕ ಯಂತ್ರದಲ್ಲಿ ಲಿನಕ್ಸನ್ನು ನಡೆಸುವ ಸಾಹಸ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಕೂಡಿ ರೂಪಿಸಿದ 'ಸಿಂಪ್ಯೂಟರ್' ಎಂಬ ಅಂಗೈಯಗಲದ ಗಣಕವು ಲಿನಕ್ಸಿನಿಂದಲೇ ನಡೆಯುತ್ತಿತ್ತು. 2004ರಲ್ಲಿ ಮಾರುಕಟ್ಟೆಗೆ ಬಂದ ಅದು ಅಲ್ಲಿ ಬಹುಕಾಲ ಬಾಳಲಿಲ್ಲ. ಆದರೆ 64 ಮೆಗಾಬೈಟಿನಷ್ಟು ಸ್ಮೃತಿಯಲ್ಲಿ ಏನನ್ನು ಸಾಧಿಸಬಹುದೆಂಬುದನ್ನು ತೋರಿಸಿತು. ನಮ್ಮ ಮುಂದಿದ್ದ ಲ್ಯಾಪ್‌ಟಾಪಿಗೆ ಅದರ ಮೂವತ್ತೆರಡು ಪಾಲು ಸ್ಮೃತಿಯಿತ್ತು. ಆದುದರಿಂದ ಯಂತ್ರ ಚಿಕ್ಕದೆಂಬುದು ನೆಪವಾಗಲಾರದಷ್ಟೆ.

ಸಾಲಿನಲ್ಲಿ ಎಲ್ಲಿ?

'ಯಂತ್ರ ಏಳಲಿಲ್ಲ' ಎಂಬ ವಾಕ್ಯವು ಭೌತಶಾಸ್ತ್ರದ ದೃಷ್ಟಿಯಿಂದ ಅಪೂರ್ಣವಾದುದು. ಎಲ್ಲಿಯವರೆಗೆ ಎದ್ದಿತು, ಎಲ್ಲಿ ನಿಂತಿತು ಎಂದು ಕೇಳತಕ್ಕದ್ದು. ನಮ್ಮ ಸೀಮೆಯ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟವಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಯ ಗಾಣ ನಿಂತಿತೆಂದರೆ ತಿಳಿದವನು ಓಡಿಹೋಗಿ ಗಾಣವನ್ನೇ ಬಿಚ್ಚುವುದಿಲ್ಲ. ತೂಕದ ಕಾಟಾದ ಬಳಿಗೆ ಟ್ರ್ಯಾಕ್ಟರುಗಳು ಬಂದಿವೆಯೇ ಎಂದು ಮೊದಲು ನೋಡುವನು. ಬಂದಿದ್ದರೆ ತೊಡಕು ಅಲ್ಲಿಂದ ಮುಂದೆ. ಬಾರದಿದ್ದರೆ ಅಲ್ಲಿಂದ ಹಿಂದೆ, ದಾರಿಯಲ್ಲಿಯೋ ಹೊಲದಲ್ಲಿಯೋ. ಒಂದೇ ನೋಟದಿಂದ ಅರ್ಧ ಸಂಶಯಗಳು ಕಳೆದುಹೋದುವು. ಒಂದರ ಹಿಂದೊಂದು ಬೆಸುಗೆಯಾದ 16 ಕೂಡುಗಳಿರುವ ವಿದ್ಯುನ್ಮಂಡಲದಲ್ಲಿ ಒಂದು ಕಡಿದಿದ್ದರೆ, ತುದಿಯಿಂದ ಒಂದೊಂದಾಗಿ ಪರೀಕ್ಷಿಸುವವನಿಗೆ ಹದಿನೈದು ಸಲ ಮೀಟರು ಹಿಡಿಯಬೇಕಾಗಬಹುದು. ನಡುವಿನಿಂದ ಪ್ರಾರಂಭಿಸಿ ಪ್ರತಿ ಸಲವೂ ಅರ್ಧಿಸುತ್ತ ಹೋಗುವವನಿಗೆ ನಾಲ್ಕೇ ಪರೀಕ್ಷೆಗಳು ಸಾಕು.

ಗಣಕವು ಏಳುವುದೂ ಇಂಥದೇ ಒಂದು ಸಾಲು. ಗುಂಡಿಯನ್ನು ಒತ್ತಿದಾಗ ಮೊದಲು ಎಚ್ಚರಗೊಳ್ಳುವುದು ಫರ್ಮ್‌ವೇರ್. ಮದರ್‌ಬೋರ್ಡಿನ ಮೇಲಿನ ಪುಟ್ಟ ಚಿಪ್ಪೊಂದರಲ್ಲಿ ತಯಾರಕರು ಬರೆದಿಟ್ಟ ಕಾರ್ಯಕ್ರಮ. ಹಳೆಯ ಯಂತ್ರಗಳಲ್ಲಿ ಅದಕ್ಕೆ ಬಯಾಸ್ ಎಂದು ಹೆಸರು, ಈಚಿನವುಗಳಲ್ಲಿ ಯುಇಎಫ್‌ಐ. ಅದು ಸ್ಮೃತಿ, ಪರದೆ, ಕೀಲಿಮಣೆಗಳನ್ನು ಎಣಿಸಿಕೊಂಡು, ಸಂಗ್ರಹದಲ್ಲಿ ಬೂಟ್‌ಲೋಡರ್ ಎಂಬ ಚಿಕ್ಕ ಕಾರ್ಯಕ್ರಮವನ್ನು ಹುಡುಕಿ, ಅದಕ್ಕೆ ಅಧಿಕಾರವನ್ನು ಒಪ್ಪಿಸುವುದು. ಲಿನಕ್ಸಿನಲ್ಲಿ ಬಹುಮಟ್ಟಿಗೆ ಈ ಹುದ್ದೆ 'ಗ್ರಬ್' ಎಂಬುದರದು. ಗ್ರಬ್ ಕರ್ನೆಲನ್ನೂ, ಪ್ರಯಾಣದ ಆರಂಭಕ್ಕೆ ಬೇಕಾದ ಚಾಲಕಗಳ ಒಂದು ಬುತ್ತಿಯನ್ನೂ ಸ್ಮೃತಿಗೆ ತಂದಿಡುವುದು. ಕರ್ನೆಲ್ ಎದ್ದು ಅಂಗಾಂಗಗಳನ್ನು ಗುರುತಿಸಿ, 1 ಎಂಬ ಸಂಖ್ಯೆಯ ಮೊದಲ ಪ್ರಕ್ರಿಯೆಯನ್ನು ಹುಟ್ಟಿಸುವುದು. ಉಳಿದೆಲ್ಲ ಪ್ರಕ್ರಿಯೆಗಳು ಅದರ ಸಂತಾನ. ಪ್ರತಿಯೊಂದು ಹಂತಕ್ಕೂ ಕಣ್ಣಿಗೆ ಕಾಣುವ ಗುರುತುಂಟು. ತಯಾರಕರ ಚಿಹ್ನೆ ಮೂಡಿದರೆ ಫರ್ಮ್‌ವೇರ್ ಎದ್ದಿದೆ. ಆಯ್ಕೆಯ ಪಟ್ಟಿ ಕಂಡರೆ ಗ್ರಬ್ ಬಂದಿದೆ. ಬಿಳಿಯ ಅಕ್ಷರಗಳ ಸಾಲುಗಳು ಮೇಲಕ್ಕೆ ಓಡಿದರೆ ಕರ್ನೆಲ್ ನಡೆಯುತ್ತಿದೆ. ಹೆಸರು, ಗುಪ್ತಪದಗಳನ್ನು ಕೇಳಿದರೆ ಸಾಲು ಮುಗಿಯಿತು.

ನಮ್ಮ ಯಂತ್ರದಲ್ಲಿ ಚಿಹ್ನೆ ಮೂಡುತ್ತಿತ್ತು. ಆಯ್ಕೆಯ ಪಟ್ಟಿ ಬರುತ್ತಿರಲಿಲ್ಲ. ಪೆನ್‌ಡ್ರೈವನ್ನು ಕಂಡೂ ಕಾಣದಂತೆ ಯಂತ್ರವು ನೇರವಾಗಿ ಹಳೆಯ ವಿಂಡೋಸಿಗೇ ಹೋಗುತ್ತಿತ್ತು. ಆದುದರಿಂದ ತೊಡಕು ಫರ್ಮ್‌ವೇರಿಗೂ ಗ್ರಬ್ಬಿಗೂ ನಡುವೆ ಎಂಬುದು ಎರಡೇ ನಿಮಿಷಗಳಲ್ಲಿ ಸ್ಪಷ್ಟವಾಯಿತು. ಚಾಲಕಗಳು, ವೈಫೈ, ಪರದೆಯ ಬಣ್ಣ ಇವೆಲ್ಲ ಇನ್ನೂ ಪ್ರಶ್ನೆಗಳೇ ಅಲ್ಲ.

ನನ್ನ ಒಂದು ಪ್ರಮಾದ

ಮುಂದುವರಿಯುವ ಮೊದಲು, ಅವಳ ಚಿತ್ರಗಳನ್ನೂ ಲೆಕ್ಕಗಳನ್ನೂ ಒಂದು ಪೆನ್‌ಡ್ರೈವಿಗೆ ನಕಲು ಮಾಡಿಸಿದೆ. ವಿಂಡೋಸ್ ತೆವಳುತ್ತಲಾದರೂ ಏಳುತ್ತಿದ್ದುದರಿಂದ ಇದು ಸಾಧ್ಯವಾಯಿತು. ಅನಂತರ ಲಿನಕ್ಸಿನ ಅನುಸ್ಥಾಪನ ಪ್ರತಿಯನ್ನು ಹೊಸದಾಗಿ ಇನ್ನೊಂದು ಪೆನ್‌ಡ್ರೈವಿನ ಮೇಲೆ ಬರೆಯಲು ಕುಳಿತೆ. ಎರಡೂ 16 ಗಿಗಾಬೈಟಿನವು. ಎರಡೂ ಪ್ರಯೋಗಶಾಲೆಯ ಗಣಕಕ್ಕೆ ಚುಚ್ಚಿದ್ದುವು. ಎರಡನ್ನೂ ಪರದೆಯು 14.9 ಎಂದೇ ತೋರಿಸುತ್ತಿತ್ತು. (ಮಾರುವವರು ಗಿಗಾ ಎಂದರೆ ನೂರು ಕೋಟಿ ಎಂದೆಣಿಸುತ್ತಾರೆ, ಪರದೆಯು 2ರ 30ನೆಯ ಘಾತವೆಂದು ಎಣಿಸುತ್ತದೆ. 16 ಸಾವಿರ ಮಿಲಿಯವನ್ನು 107 ಕೋಟಿ ಚಿಲ್ಲರೆಯಿಂದ ಭಾಗಿಸಿದರೆ 14.9 ಬರುವುದನ್ನು ವಾಚಕರು ತಾಳೆನೋಡಬಹುದು.) ಹೀಗಿರಲಾಗಿ, ನಾನು ತಪ್ಪು ಸಾಲನ್ನು ಆರಿಸಿ ಗುಂಡಿಯೊತ್ತಿದೆ. ಆಗ ತಾನೇ ಮಾಡಿದ ನಕಲು ಅಳಿಸಿಹೋಯಿತು.

ಅನುಸ್ಥಾಪನ ಪ್ರತಿಯನ್ನು ಬರೆಯುವುದೆಂದರೆ ಫೈಲೊಂದನ್ನು ಸೇರಿಸುವುದಲ್ಲ. ಮೊದಲನೆಯ ಬೈಟಿನಿಂದ ಪ್ರಾರಂಭಿಸಿ, ಇದ್ದುದರ ಮೇಲೆಯೇ ಹೊಸದನ್ನು ಅಚ್ಚೊತ್ತುವುದು. ಮೂಲ ಚಿತ್ರಗಳು ಇನ್ನೂ ಲ್ಯಾಪ್‌ಟಾಪಿನಲ್ಲಿ ಇದ್ದುದರಿಂದ ಅನಾಹುತವಾಗಲಿಲ್ಲ. ಆದರೆ ನಾನು ಮೊದಲು ಅನುಸ್ಥಾಪನೆ ಮಾಡಿ, ಆಮೇಲೆ ಈ ಪ್ರಮಾದವನ್ನು ಎಸಗಿದ್ದರೆ, ನೆರೆಯ ನೀರು ಗೋಡೆಯ ಮೇಲೆ ಎಷ್ಟು ಎತ್ತರಕ್ಕೆ ಬಂದಿತ್ತೆಂಬುದಕ್ಕೆ ಆ ಮನೆಯವರ ಬಳಿ ಏನೂ ಉಳಿಯುತ್ತಿರಲಿಲ್ಲ. ವಿದ್ಯಾರ್ಥಿನಿ ಏನೂ ಅನ್ನಲಿಲ್ಲ. ಅದು ನನಗೆ ಇನ್ನಷ್ಟು ಕಷ್ಟವಾಯಿತು. ಆ ಬಳಿಕ ಎರಡು ಬೇರೆ ಕಡೆ ನಕಲು ಮಾಡಿ, ಪ್ರತಿಯೊಂದರಿಂದಲೂ ನಾಲ್ಕು ಚಿತ್ರಗಳನ್ನು ತೆರೆದು ನೋಡಿ, ಪೆನ್‌ಡ್ರೈವುಗಳಿಗೆ ಕಾಗದದ ಚೀಟಿ ಅಂಟಿಸಿ, ಬೇಡದ್ದನ್ನು ಕಿತ್ತು ಕಪಾಟಿನಲ್ಲಿಟ್ಟು ಮುಂದಿನ ಕೆಲಸಕ್ಕೆ ಕೈಹಾಕಿದೆವು.

ಎರಡೂ ಸರಿ, ಆದರೂ ತಪ್ಪು

ಮೊದಲ ಸಂಶಯವು ಪೆನ್‌ಡ್ರೈವಿನ ಮೇಲೆ. ಜಾಲದಿಂದ ಇಳಿಸಿಕೊಂಡ ಫೈಲು ಪೂರ್ಣವಾಗಿದೆಯೇ? ಇದನ್ನು ತಿಳಿಯಲು ಎಸ್‌ಎಚ್‌ಎ-256 ಎಂಬ ಗಣಿತಕ್ರಿಯೆಯುಂಟು. ಎಷ್ಟೇ ದೊಡ್ಡ ಫೈಲನ್ನಾದರೂ ಅರೆದು 256 ಬಿಟ್ಟುಗಳ, ಎಂದರೆ ಹದಿನಾರರ ಮಾನದ 64 ಅಂಕಿಗಳ, ಒಂದು ಮುದ್ರೆಯನ್ನು ಅದು ಕೊಡುವುದು. ಫೈಲಿನಲ್ಲಿ ಒಂದೇ ಒಂದು ಬಿಟ್ಟು ಬದಲಾದರೂ ಮುದ್ರೆ ಗುರುತು ಸಿಗದಷ್ಟು ಬದಲಾಗುವುದು. ವಿತರಣೆಯವರು ಪ್ರಕಟಿಸಿದ ಮುದ್ರೆಗೂ ನಮ್ಮದಕ್ಕೂ ಹೊಂದಿಕೆಯಾಯಿತು. ಎರಡನೆಯದಾಗಿ, ಅದೇ ಪೆನ್‌ಡ್ರೈವನ್ನು ಪ್ರಯೋಗಶಾಲೆಯ ಗಣಕಕ್ಕೆ ಹಚ್ಚಿ ನೋಡಿದೆವು. ಲಿನಕ್ಸಿನ ಪಟ್ಟಿ ಕೂಡಲೇ ಮೂಡಿತು. ಆದುದರಿಂದ ಪೆನ್‌ಡ್ರೈವ್ ಸರಿಯಾಗಿದೆ. ಇನ್ನು ಲ್ಯಾಪ್‌ಟಾಪಿನ ತೂತಿನಲ್ಲಿ ದೋಷವೇ? ವಿಂಡೋಸಿನಲ್ಲಿದ್ದಾಗ ಅದೇ ತೂತಿನಿಂದ ಚಿತ್ರಗಳನ್ನು ನಕಲು ಮಾಡಿದ್ದೆವಷ್ಟೆ. ಅದೂ ಸರಿ.

ಸಹಿಯಿಲ್ಲದ ಬೂಟ್‌ಲೋಡರುಗಳನ್ನು ತಡೆಯುವ 'ಸೆಕ್ಯೂರ್ ಬೂಟ್' ಎಂಬ ಕಾವಲನ್ನು ಫರ್ಮ್‌ವೇರಿನಲ್ಲಿ ಆರಿಸಿ ನೋಡಿದೆ. ಫಲವಿಲ್ಲ. ಆಗ ಅದನ್ನು ಮತ್ತೆ ಮೊದಲಿನ ಸ್ಥಿತಿಗೇ ತಂದಿಟ್ಟೆ. ಅನೇಕರು ಇಲ್ಲಿಯೇ ಎಡವುತ್ತಾರೆ. ಫಲ ಕೊಡದ ಬದಲಾವಣೆಯನ್ನು ಹಾಗೆಯೇ ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ. ಆರು ಬದಲಾವಣೆಗಳಾದ ಮೇಲೆ ಯಂತ್ರ ಎದ್ದರೆ ಅದು ಯಾವುದರಿಂದ ಎದ್ದಿತೆಂದು ಬ್ರಹ್ಮನೂ ಹೇಳಲಾರ.

ಎರಡು ವಸ್ತುಗಳು ಪ್ರತ್ಯೇಕವಾಗಿ ಸರಿಯಾಗಿವೆ, ಕೂಡಿದಾಗ ನಡೆಯಲೊಲ್ಲವು. ಇಂಥ ಸಂದರ್ಭದಲ್ಲಿ ದೋಷವನ್ನು ವಸ್ತುಗಳಲ್ಲಿ ಅಲ್ಲ, ಅವುಗಳ ಸಂಬಂಧದಲ್ಲಿ ಹುಡುಕಬೇಕು. ನಮ್ಮ ಭಾಗದ ಹಳೆಯ ಮನೆತನಗಳಲ್ಲಿ ಮೋಡಿ ಲಿಪಿಯ ಕಾಗದಪತ್ರಗಳು ಉಂಟು. ಕಾಗದ ಹರಿದಿಲ್ಲ, ಮಸಿ ಮಾಸಿಲ್ಲ, ಓದುವವನ ಕಣ್ಣೂ ಚೆನ್ನಾಗಿದೆ. ಆದರೂ ಕನ್ನಡ ಮಾತ್ರ ಬಲ್ಲವನು ಅದನ್ನು ಓದಲಾರ. ಇಲ್ಲಿಯೂ ಲಿಪಿಭೇದವೇ ಇರಬಹುದೆಂದು ನನಗೆ ಹೊಳೆಯಬೇಕಾಗಿತ್ತು. ಹೊಳೆದದ್ದು ವಿದ್ಯಾರ್ಥಿನಿಗೆ. ವಿಂಡೋಸಿನ ಮಾಹಿತಿಪುಟವನ್ನು ಆಕೆ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡಿದ್ದಳು. ಅದರಲ್ಲಿ ಪ್ರೊಸೆಸರು 64 ಬಿಟ್ಟಿನದೆಂದೂ ಆಪರೇಟಿಂಗ್ ಸಿಸ್ಟಂ 32 ಬಿಟ್ಟಿನದೆಂದೂ ಒಂದೇ ಸಾಲಿನಲ್ಲಿ ಬರೆದಿತ್ತು. ನಾನು ಆ ಸಾಲನ್ನು ಓದಿ ದಾಟಿಹೋಗಿದ್ದೆ. "ಸರ್, ಪ್ರೊಸೆಸರ್ 64 ಇದ್ರ ವಿಂಡೋಸ್ ಯಾಕ್ರೀ 32 ಹಾಕ್ಯಾರ?" ಎಂದು ಆಕೆ ಕೇಳಿದಳು.

ಉತ್ತರವು ಈ ಹಗುರ ಯಂತ್ರಗಳ ಹುಟ್ಟಿನಲ್ಲಿಯೇ ಇದೆ. 32 ಬಿಟ್ಟುಗಳಿಂದ ಬರೆಯಬಹುದಾದ ವಿಳಾಸಗಳ ಸಂಖ್ಯೆ 2ರ 32ನೆಯ ಘಾತ, ಎಂದರೆ 4,29,49,67,296. ಒಂದೊಂದು ಬೈಟಿಗೆ ಒಂದೊಂದು ವಿಳಾಸವೆಂದರೆ 4 ಗಿಗಾಬೈಟಿನ ಊರಿಗೆ ಇಷ್ಟು ಮನೆಸಂಖ್ಯೆಗಳು ಸಾಕು. 2013-14ರ ಸುಮಾರಿಗೆ ಬಂದ ಅಗ್ಗದ ಹಗುರ ಯಂತ್ರಗಳಲ್ಲಿ ಇದ್ದುದೇ 1 ಅಥವಾ 2 ಗಿಗಾಬೈಟ್. ಅಂಥಲ್ಲಿ 64 ಬಿಟ್ಟಿನ ಉದ್ದನೆಯ ವಿಳಾಸಗಳು ಜಾಗವನ್ನು ತಿನ್ನುವುವೇ ಹೊರತು ಪ್ರಯೋಜನ ಅಲ್ಪ. ಆದಕಾರಣ ತಯಾರಕರು 32 ಬಿಟ್ಟಿನ ವಿಂಡೋಸನ್ನು ಹಾಕಿದರು. ಯುಇಎಫ್‌ಐ ಮೂಲಕ ಏಳುವಾಗ ತನ್ನ ಬಿಟ್ಟುಗಳ ಅಗಲವೂ ಫರ್ಮ್‌ವೇರಿನ ಅಗಲವೂ ಒಂದೇ ಆಗಿರಬೇಕೆಂಬುದು ವಿಂಡೋಸಿನ ನಿಯಮ. ಆದುದರಿಂದ ಫರ್ಮ್‌ವೇರನ್ನೂ 32 ಬಿಟ್ಟಿನದನ್ನಾಗಿಯೇ ಬರೆದರು. ಹೀಗೆ 64 ಬಿಟ್ಟಿನ ಪ್ರೊಸೆಸರಿನ ಬಾಗಿಲಲ್ಲಿ 32 ಬಿಟ್ಟಿನ ದ್ವಾರಪಾಲಕನು ನಿಂತನು.

ಈ ದ್ವಾರಪಾಲಕನಿಗೆ ಹೆಸರುಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಪೆನ್‌ಡ್ರೈವಿನಂಥ ಕೀಳಬಹುದಾದ ಸಂಗ್ರಹದಲ್ಲಿ ಆತ ನೋಡುವುದು 'ಇಎಫ್‌ಐ' ಎಂಬ ಫೋಲ್ಡರಿನೊಳಗಿನ 'ಬೂಟ್' ಎಂಬ ಫೋಲ್ಡರನ್ನು. ಅದರಲ್ಲಿ 64 ಬಿಟ್ಟಿನ ಫರ್ಮ್‌ವೇರ್ 'ಬೂಟ್‌ಎಕ್ಸ್64' ಎಂಬ ಹೆಸರಿನ ಫೈಲನ್ನು ಹುಡುಕುವುದು. 32 ಬಿಟ್ಟಿನದು 'ಬೂಟ್‌ಐಎ32' ಎಂಬುದನ್ನು. ನಮ್ಮ ಪೆನ್‌ಡ್ರೈವಿನಲ್ಲಿ ಮೊದಲನೆಯದು ಮಾತ್ರ ಇತ್ತು. ಪ್ರಯೋಗಶಾಲೆಯ ಗಣಕಕ್ಕೆ ಅದು ಸಾಕಾಯಿತು. ಲ್ಯಾಪ್‌ಟಾಪಿನ ಕಣ್ಣಿಗೆ ಆ ಫೋಲ್ಡರು ಬರಿದಾಗಿ ಕಂಡಿತು. ದೋಷದ ಸಂದೇಶವನ್ನು ಕೂಡ ಅದು ಕೊಡಲಿಲ್ಲ, ಏಕೆಂದರೆ ಅದರ ಮಟ್ಟಿಗೆ ಅಲ್ಲಿ ದೋಷವೇ ಇರಲಿಲ್ಲ.

ಹಾಗಾದರೆ 32 ಬಿಟ್ಟಿನ ಲಿನಕ್ಸನ್ನೇ ಹಾಕಿದರಾಗದೆ? ಕೆಲವು ವರ್ಷಗಳ ಹಿಂದಾಗಿದ್ದರೆ ಹಾಗೆಯೇ ಮಾಡಬಹುದಾಗಿತ್ತು. ಆದರೆ ದೊಡ್ಡ ವಿತರಣೆಗಳು ಒಂದೊಂದಾಗಿ 32 ಬಿಟ್ಟಿನ ಪಿ.ಸಿ.ಗಳನ್ನು ಕೈಬಿಡುತ್ತಿವೆ, ಡೆಬಿಯನ್ ಕೂಡ 2025ರ ಆಗಸ್ಟಿನಲ್ಲಿ ಹೊರಬಂದ 13ನೆಯ ಆವೃತ್ತಿಯಲ್ಲಿ ಅವುಗಳಿಗೆ ಅನುಸ್ಥಾಪನ ಪ್ರತಿಯನ್ನು ಕೊಡಲಿಲ್ಲ. ಉತ್ತಮವಾದ ದಾರಿ ಬೇರೊಂದಿದೆ. 2014ರಲ್ಲಿ ಬಂದ 3.15ನೆಯ ಆವೃತ್ತಿಯಿಂದ ಲಿನಕ್ಸ್ ಕರ್ನೆಲ್ ಈ ಬೆರಕೆಯ ಸ್ಥಿತಿಯನ್ನು ನಿಭಾಯಿಸಬಲ್ಲುದು. ತಾನು 64 ಬಿಟ್ಟಿನಲ್ಲಿ ನಡೆಯುತ್ತಿದ್ದು, ಫರ್ಮ್‌ವೇರಿನ ಸೇವೆ ಬೇಕಾದಾಗ ಮಾತ್ರ ಕ್ಷಣಕಾಲ 32 ಬಿಟ್ಟಿನ ಸ್ಥಿತಿಗಿಳಿದು, ಕೇಳಬೇಕಾದುದನ್ನು ಕೇಳಿ, ಮತ್ತೆ ಮೇಲೇರುವುದು. ದುಭಾಷಿಯು ಎರಡು ಭಾಷೆಗಳ ನಡುವೆ ಹಾಯುವಂತೆ. ಡೆಬಿಯನ್ ಬಳಗದವರು 2015ರ ತಮ್ಮ 8ನೆಯ ಆವೃತ್ತಿಯ ಕಾಲಕ್ಕೆ ಎರಡೂ ಬಗೆಯ ಬೂಟ್‌ಲೋಡರುಗಳನ್ನು ಹೊತ್ತ ಪ್ರತಿಯನ್ನು ಸಿದ್ಧಪಡಿಸಿದರು. ಅಂಥ ಒಂದು ಡೆಬಿಯನ್ ಪ್ರತಿಯನ್ನು ನಾವು ತಂದು, ಬರೆಯುವ ಮೊದಲು 'ಬೂಟ್' ಫೋಲ್ಡರನ್ನು ತೆರೆದು, ಎರಡೂ ಹೆಸರುಗಳಿವೆಯೇ ಎಂದು ನೋಡಿಕೊಂಡೆವು. ಈ ಸಲ ಪಟ್ಟಿ ಮೂಡಿತು. ಆಕೆ ನೋಟುಬುಕ್ಕಿನಲ್ಲಿ 'ಗ್ರಬ್ ತನಕ' ಎಂದು ಬರೆದು ದಿನಾಂಕ ಹಾಕಿದಳು.

ಹಿಂದೆ ಬಿದ್ದ ಗಡಿಯಾರ

ಅನುಸ್ಥಾಪನೆಯ ನಡುವೆ ಇನ್ನೊಂದು ವಿಚಿತ್ರ ಎದುರಾಯಿತು. ಕಾರ್ಯಕ್ರಮಗಳನ್ನು ಜಾಲದಿಂದ ಇಳಿಸಿಕೊಳ್ಳಬೇಕಾದ ಹಂತದಲ್ಲಿ ಯಂತ್ರವು ಹಟ ಹಿಡಿಯಿತು: ಜಾಲದಲ್ಲಿ ಸಿಕ್ಕ ಪಟ್ಟಿಯು 'ಇನ್ನೂ ಊರ್ಜಿತವಾಗಿಲ್ಲ'ವಂತೆ. ಅವಧಿ ಮೀರಿದೆ ಎಂದಿದ್ದರೆ ಅರ್ಥವಾದೀತು, ಊರ್ಜಿತವಾಗಿಲ್ಲ ಎಂದರೇನು? ಈ ಮಾತನ್ನು ಅಕ್ಷರಶಃ ಓದಿದರೆ ಉತ್ತರ ಅದರಲ್ಲಿಯೇ ಇತ್ತು. ಪಟ್ಟಿಯ ಮೇಲಿನ ದಿನಾಂಕವು ಯಂತ್ರಕ್ಕೆ ಭವಿಷ್ಯತ್ತಾಗಿ ಕಂಡಿತು, ಎಂದರೆ ಯಂತ್ರವೇ ಭೂತಕಾಲದಲ್ಲಿತ್ತು. ಫರ್ಮ್‌ವೇರಿನ ಪುಟವನ್ನು ತೆರೆದು ನೋಡಲಾಗಿ ದಿನಾಂಕ 2015ರ ಜನವರಿ 1 ಎಂದಿತ್ತು.

ಪ್ರತಿಯೊಂದು ಗಣಕದಲ್ಲಿಯೂ ಯಂತ್ರ ಆರಿದಾಗಲೂ ನಡೆಯುವ ಒಂದು ಗಡಿಯಾರವುಂಟು. ಸ್ಫಟಿಕಶಿಲೆಯ ಒಂದು ಚೂರು ಸೆಕೆಂಡಿಗೆ 32,768 ಸಲ ಕಂಪಿಸುವುದು. ಇದು 2ರ 15ನೆಯ ಘಾತ. ಹದಿನೈದು ಸಲ ಅರ್ಧಿಸಿದರೆ ಸರಿಯಾಗಿ ಸೆಕೆಂಡಿಗೊಂದು ಮಿಡಿತ ದೊರೆಯುವುದು. ಕೈಗಡಿಯಾರದಲ್ಲಿ ಇರುವುದೂ ಇದೇ. ದೊಡ್ಡ ಗಣಕಗಳಲ್ಲಿ ಇದಕ್ಕೆ ನಾಣ್ಯದಂಥ ಪ್ರತ್ಯೇಕ ಬ್ಯಾಟರಿಯಿರುತ್ತದೆ. ಕೆಲವು ಹಗುರ ಯಂತ್ರಗಳಲ್ಲಿ ತೂಕವನ್ನೂ ವೆಚ್ಚವನ್ನೂ ಉಳಿಸಲು ಅದನ್ನು ಬಿಟ್ಟು, ಮುಖ್ಯ ಬ್ಯಾಟರಿಯಿಂದಲೇ ಗಡಿಯಾರಕ್ಕೂ ಉಣಿಸುತ್ತಾರೆ. ಹಿಂದಿನ ದಿನ ಕರೆಂಟು ಹೋದಾಗ ನಾವು ಬ್ಯಾಟರಿಯನ್ನು ತಳಮುಟ್ಟ ಬಳಸಿ ಹಾಗೆಯೇ ಬಿಟ್ಟಿದ್ದೆವು. ರಾತ್ರಿ ಗಡಿಯಾರ ಉಪವಾಸ ಬಿದ್ದು, ಎದ್ದಾಗ ತನ್ನ ಹುಟ್ಟುದಿನದಿಂದ ಎಣಿಕೆ ಪ್ರಾರಂಭಿಸಿತ್ತು. ಜಾಲದ ಮೂಲಕ ವೇಳೆಯನ್ನು ತಿದ್ದಿಕೊಳ್ಳುವ ಅನುಸ್ಥಾಪಕದ ಪ್ರಯತ್ನವೂ ಅಂದು ಫಲಿಸಿರಲಿಲ್ಲ. ಕೈಯಿಂದಲೇ ದಿನಾಂಕ ತಿದ್ದಿದೊಡನೆ ಹಟ ಮುಗಿಯಿತು.

ಗಡಿಯಾರದ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುವೆ. ವಿಂಡೋಸ್ ಈ ಗಡಿಯಾರದಲ್ಲಿ ಸ್ಥಳೀಯ ವೇಳೆಯನ್ನು ಇಡುತ್ತದೆ. ಲಿನಕ್ಸ್ ವಾಡಿಕೆಯಾಗಿ ವಿಶ್ವವೇಳೆಯನ್ನು ಇಡುತ್ತದೆ. ಒಂದೇ ಯಂತ್ರದಲ್ಲಿ ಎರಡನ್ನೂ ಇಟ್ಟುಕೊಂಡವರು 'ಗಡಿಯಾರ ಕೆಟ್ಟಿದೆ' ಎಂದು ದೂರುವುದುಂಟು. ವ್ಯತ್ಯಾಸವು ಸರಿಯಾಗಿ 5 ಗಂಟೆ 30 ನಿಮಿಷವಾಗಿದ್ದರೆ ಕೆಟ್ಟಿರುವುದು ಗಡಿಯಾರವಲ್ಲ. ಯಾದೃಚ್ಛಿಕ ದೋಷವು ಇಷ್ಟು ಅಚ್ಚುಕಟ್ಟಾದ ಅಂಕಿಯನ್ನು ಕೊಡುವುದಿಲ್ಲ.

ಅನುಸ್ಥಾಪನೆ ಮುಗಿದು, ಪೆನ್‌ಡ್ರೈವನ್ನು ಕಿತ್ತು ಗುಂಡಿಯೊತ್ತಿದಾಗ ಮತ್ತೆ ಗ್ರಬ್ ಬರಲಿಲ್ಲ. ಈ ಬಾರಿ ಕಂಗಾಲಾಗಬೇಕಾದ ಕಾರಣವಿರಲಿಲ್ಲ. ಸಾಲಿನಲ್ಲಿ ಸ್ಥಳವು ಗೊತ್ತಿತ್ತು. ಡೆಬಿಯನ್ ತನ್ನ ಬೂಟ್‌ಲೋಡರನ್ನು ತನ್ನ ಹೆಸರಿನ ಫೋಲ್ಡರಿನಲ್ಲಿಟ್ಟು, ಅದರ ವಿಳಾಸವನ್ನು ಫರ್ಮ್‌ವೇರಿಗೆ ಬರೆಸುತ್ತದೆ. ಈ ಫರ್ಮ್‌ವೇರ್ ಅದನ್ನು ಮರೆಯುತ್ತಿತ್ತು. ಅನುಸ್ಥಾಪನ ಪ್ರತಿಯ 'ಪಾರುಗಾಣಿಕೆ' ವಿಭಾಗದಲ್ಲಿ, ಕೀಳಬಹುದಾದ ಸಂಗ್ರಹಗಳಿಗೆ ಮೀಸಲಾದ ಆ ಸಾಮಾನ್ಯ ವಿಳಾಸದಲ್ಲಿಯೂ ಇನ್ನೊಂದು ಪ್ರತಿಯನ್ನು ಇಡುವ ಆಯ್ಕೆಯಿದೆ. ಇಟ್ಟೆವು, ಎದ್ದಿತು. ವೈಫೈ ಕಾಣಲಿಲ್ಲ, ಕರ್ನೆಲಿನ ದಿನಚರಿಯನ್ನು ಓದಿದರೆ, ವೈಫೈ ಚಿಪ್ಪಿಗೆ ಉಣಿಸಬೇಕಾದ ಫೈಲು ಸಿಗಲಿಲ್ಲವೆಂದು ಹೆಸರು ಸಮೇತ ಬರೆದಿತ್ತು. ಮೊಬೈಲನ್ನು ತಂತಿಯಿಂದ ಜೋಡಿಸಿ, ಅದರ ಜಾಲದ ಮೂಲಕ ಆ ಫೈಲನ್ನು ತಂದು ಹಾಕಿದುದಾಯಿತು. ಮೇಲಿನ ಹೊದಿಕೆಗೆ ಎಕ್ಸ್‌ಎಫ್‌ಸಿಇ ಎಂಬ ಸರಳವಾದ ಡೆಸ್ಕ್‌ಟಾಪನ್ನು ಆರಿಸಿದೆವು. 2 ಗಿಗಾಬೈಟಿನಲ್ಲಿ ಚೆಲುವಿಗಿಂತ ಮಿತವ್ಯಯ ಮೇಲು.

ಗುಣವಾಯಿತೆಂದು ಹೇಳುವುದು ಯಾವಾಗ?

ಕೊನೆಯ ತೊಡಕೇ ಅತ್ಯಂತ ಕಠಿನವಾದುದು, ಏಕೆಂದರೆ ಅದು ಯಾವಾಗಲೂ ಇರುತ್ತಿರಲಿಲ್ಲ. ಆಗೊಮ್ಮೆ ಈಗೊಮ್ಮೆ, ಸರಾಸರಿ ಎರಡು ದಿನಕ್ಕೊಮ್ಮೆ, ಪರದೆ ಇದ್ದಂತೆಯೇ ಹೆಪ್ಪುಗಟ್ಟಿಬಿಡುತ್ತಿತ್ತು. ಗುಂಡಿಯನ್ನು ಒತ್ತಿ ಹಿಡಿದು ಆರಿಸದೆ ಬೇರೆ ಉಪಾಯವಿಲ್ಲ. ನಾನು ಪರದೆಯ ಚಾಲಕವನ್ನು ಸಂಶಯಿಸಿ ಅದರ ಒಂದು ಸೆಟ್ಟಿಂಗನ್ನು ಬದಲಾಯಿಸಿದೆ. ಎರಡು ದಿನ ಯಂತ್ರ ಹೆಪ್ಪುಗಟ್ಟಲಿಲ್ಲ. "ಸರಿಹೋಯಿತು" ಎಂದು ಹೇಳಿದೆ. ಮೂರನೆಯ ದಿನ ಆಕೆ ಸೆಮಿನಾರಿನ ಬರಹದ ನಡುವಿನಲ್ಲಿದ್ದಾಗ ಅದು ಮತ್ತೆ ಹೆಪ್ಪುಗಟ್ಟಿತು. ಉಳಿಸದೆ ಇದ್ದ ಎರಡು ಪುಟಗಳು ಹೋದುವು.

ತರಗತಿಯಲ್ಲಿ ವಿಕಿರಣಕ್ಷಯದ ನಿಯಮವನ್ನು ಪಾಠ ಹೇಳುವ ನಾನು ಅದನ್ನು ಇಲ್ಲಿ ಮರೆತಿದ್ದೆ. ಸರಾಸರಿ T ದಿನಗಳಿಗೊಮ್ಮೆ, ಆದರೆ ಯಾವ ಕ್ಷಣದಲ್ಲಿ ಬೇಕಾದರೂ, ಒಂದು ಘಟನೆ ಸಂಭವಿಸುವುದಾದರೆ, t ದಿನಗಳ ಕಾಲ ಅದು ಒಮ್ಮೆಯೂ ಸಂಭವಿಸದಿರುವ ಸಾಧ್ಯತೆಯು e ಎಂಬ ಸಂಖ್ಯೆಯ ಋಣ t/T ಘಾತ. T ಎರಡು ದಿನ, t ಎರಡು ದಿನ ಎಂದಿಟ್ಟರೆ ಉತ್ತರ 0.37. ಎಂದರೆ ನಾನು ಏನನ್ನೂ ಮಾಡದೆ ಕೈಕಟ್ಟಿ ಕುಳಿತಿದ್ದರೂ ನೂರಕ್ಕೆ ಮೂವತ್ತೇಳರಷ್ಟು ಸಂದರ್ಭಗಳಲ್ಲಿ ಯಂತ್ರವು 'ಸರಿಹೋಗಿ'ರುತ್ತಿತ್ತು! ಹದಿನಾಲ್ಕು ದಿನ ಕಾದರೆ ಈ ಸಾಧ್ಯತೆ e ಎಂಬುದರ ಋಣ 7ನೆಯ ಘಾತಕ್ಕೆ ಇಳಿಯುವುದು, ಅದು 0.0009, ಸುಮಾರು ಸಾವಿರದ ನೂರರಲ್ಲಿ ಒಂದು. ಅಷ್ಟು ದಿನ ಕಾಯಲೊಲ್ಲದವನಿಗೆ 'ಗುಣವಾಯಿತು' ಎನ್ನುವ ಅಧಿಕಾರವಿಲ್ಲ.

ಪರದೆಯ ಸೆಟ್ಟಿಂಗನ್ನು ಹಿಂದಕ್ಕೆ ತಂದು, ಇದ್ದ ಸಾಕ್ಷ್ಯಗಳನ್ನು ಮತ್ತೆ ಓದಿದೆವು. ಹೆಪ್ಪುಗಟ್ಟಿದ್ದು ಯಂತ್ರ ದುಡಿಯುತ್ತಿದ್ದಾಗ ಅಲ್ಲ, ಬಹುಮಟ್ಟಿಗೆ ಆಕೆ ಸುಮ್ಮನೆ ಓದುತ್ತಲೋ ಯೋಚಿಸುತ್ತಲೋ ಇದ್ದಾಗ. ದಿನಚರಿಯ ಕೊನೆಯ ಸಾಲಿನಲ್ಲಿ ಯಾವ ದೂರೂ ಇರಲಿಲ್ಲ. ಬರೆಯುವವನೇ ಹಠಾತ್ತನೆ ನಿದ್ದೆಹೋದಂತೆ ಸಾಲು ನಿಂತಿತ್ತು. ಇದು ನಿದ್ದೆಯ ವಿಷಯವೇ ಎಂದು ಬಳಿಕ ತಿಳಿಯಿತು. ಪ್ರೊಸೆಸರು ಕೆಲಸವಿಲ್ಲದಾಗ ವಿದ್ಯುತ್ತನ್ನು ಉಳಿಸಲು ಮೆಟ್ಟಿಲುಮೆಟ್ಟಿಲಾಗಿ ನಿದ್ರೆಗಿಳಿಯುವುದು. ಇವುಗಳಿಗೆ ಸಿ-ಸ್ಟೇಟ್ ಎಂದು ಹೆಸರು. ಮೊದಲ ಮೆಟ್ಟಿಲಿನಲ್ಲಿ ಬಡಿತ ಮಾತ್ರ ನಿಲ್ಲುವುದು. ಕೆಳಗಿನ ಮೆಟ್ಟಿಲುಗಳಲ್ಲಿ ಒಳಗಿನ ಭಾಗಗಳಿಗೆ ವೋಲ್ಟೇಜನ್ನೇ ಇಳಿಸುವರು ಅಥವಾ ಕಡಿಯುವರು. ಪಂಖವಿಲ್ಲದ ಹಗುರ ಯಂತ್ರವು ಬಿಸಿಯಾಗದೆ ದಿನವಿಡೀ ನಡೆಯುವ ಗುಟ್ಟು ಇದೇ. ಈ ಯಂತ್ರದ ಪೀಳಿಗೆಯ ಪ್ರೊಸೆಸರುಗಳು ಗಾಢನಿದ್ರೆಯಿಂದ ಕೆಲವೊಮ್ಮೆ ಏಳಲಾರದೆ ಹೋಗುವುವೆಂಬುದು ಲಿನಕ್ಸಿನ ಕರ್ನೆಲ್ ಬರೆಯುವವರಲ್ಲಿ ಬಹಳ ಚರ್ಚೆಗೊಳಗಾದ ಸಂಗತಿ. ಕರ್ನೆಲಿಗೆ ಕೊಡುವ ಆದೇಶಗಳ ಸಾಲಿನಲ್ಲಿ ಸಿ-ಸ್ಟೇಟಿನ ಗರಿಷ್ಠ ಮಿತಿಯನ್ನು 1ಕ್ಕೆ ನಿಲ್ಲಿಸಿದೆವು. ಎಂದರೆ, ತೂಕಡಿಸು, ಆದರೆ ಮಲಗಬೇಡ.

ಆಕೆ ನೋಟುಬುಕ್ಕಿನಲ್ಲಿ ಹದಿನಾಲ್ಕು ಚೌಕಗಳನ್ನು ಎಳೆದು, ದಿನಕ್ಕೊಂದರಂತೆ ಗುರುತು ಹಾಕುತ್ತ ಬಂದಳು. ಹದಿನಾಲ್ಕೂ ತುಂಬಿದುವು. ಬ್ಯಾಟರಿಯು ಮೊದಲಿಗಿಂತ ಬೇಗ ಇಳಿಯುತ್ತದೆ. ತಳವೂ ತುಸು ಬೆಚ್ಚಗಿರುತ್ತದೆ. ಅದು ನಾವು ತೆತ್ತ ಬೆಲೆ. ತಂದೆಯವರ ಕಬ್ಬಿನ ಲೆಕ್ಕವನ್ನು ಈಗ ಆಕೆ ಕನ್ನಡದಲ್ಲಿಯೇ ಬೆರಳಚ್ಚಿಸುತ್ತಾಳೆ. ಕಗಪ ಕೀಲಿಮಣೆಯ ವಿನ್ಯಾಸ ಲಿನಕ್ಸಿನಲ್ಲಿ ಮೊದಲಿನಿಂದಲೇ ಇದ್ದಿತು, ಗುಬ್ಬಿ ಮತ್ತು ನವಿಲು ಎಂಬ ಅಕ್ಷರಮಾದರಿಗಳೂ ಡೆಬಿಯನ್ನಿನ ಭಂಡಾರದಲ್ಲಿ ಸಿಕ್ಕಿದುವು.

ಹೊಸ ಕರ್ನೆಲಿನಲ್ಲಿ ಈ ನಿದ್ದೆಯ ತೊಡಕು ಕಳೆದಿರಬಹುದೆ, ಮಿತಿಯನ್ನು ತೆಗೆದು ನೋಡಲೇ ಎಂದು ಆಕೆ ಕೇಳುತ್ತಿದ್ದಾಳೆ. ಮತ್ತೆ ಹದಿನಾಲ್ಕು ಚೌಕಗಳು ಬೇಕಾಗುವುವೆಂದು ಲೆಕ್ಕವನ್ನೂ ಹಾಕಿ ತಂದಿದ್ದಾಳೆ. ಸೆಮಿಸ್ಟರ್ ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದು ಹೇಳಿದ್ದೇನೆ.